ಮುಂಜಾನೆಯ ಬರಕತ್ ಮತ್ತು ಮನೆಯವರ ಹಕ್ಕು

ಬೆಳಿಗ್ಗೆ ಬೇಗ ಏಳುವುದು ಒಳ್ಳೆಯದೆಂಬ ಬಗ್ಗೆ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ವೈದ್ಯರು ಅದನ್ನೇ ಹೇಳುತ್ತಾರೆ, ಶಾಲೆಯ ಮಾಸ್ತರರೂ ಹೇಳುತ್ತಾರೆ. ಸುಬ್‌ಹಿನ ಅಝಾನ್ ಅಂತೂ ನಿದ್ದೆ ಮತ್ತು ನಮಾಝ್‌ಗಳಲ್ಲಿ ಯಾವುದು ಶ್ರೇಷ್ಠವೆಂಬುದನ್ನು ದಿನವೂ ನಮಗೆ ನೆನಪಿಸುತ್ತದೆ. ಆದರೆ ಪ್ರಿಯ ಓದುಗರೇ, ಒಂದು ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳುವುದು ಕಡಿಮೆ. ಕೆಲಸಕ್ಕೆ ಹೊರಡುವ ನಮ್ಮ ಅಚ್ಚುಕಟ್ಟಾದ ಮುಂಜಾನೆ ಯಾರ ನಿದ್ದೆಯ ಖರ್ಚಿನಲ್ಲಿ ನಡೆಯುತ್ತಿದೆ?

ಕಾರವಾರ ತಾಲೂಕಿನ ಮಾಜಾಳಿಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಅದು ಕರ್ನಾಟಕದ ಕೊನೆಯ ಊರು. ಚೆಕ್‌ಪೋಸ್ಟ್ ದಾಟಿದರೆ ಗೋವಾದ ಪೋಳೆಂ. ಈ ಭಾಗದ ಅನೇಕ ಮನೆಗಳ ಅನ್ನ ಗಡಿಯಾಚೆಯ ದುಡಿಮೆಯಿಂದ ಬರುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಗಡಿ ಮುಚ್ಚಿದಾಗ ಆ ಆಸರೆ ಎಷ್ಟು ದೊಡ್ಡದೆಂಬುದು ಎಲ್ಲರ ಅರಿವಿಗೆ ಬಂತು. ಕಾಣಕೋಣ, ಮಡಗಾಂವ್ ಕಡೆಗೆ ಹೋಗುವವನು ಆರು ಗಂಟೆಗೆ ರಸ್ತೆಯಲ್ಲಿರಬೇಕಾದರೆ ಐದಕ್ಕೆ ಏಳಬೇಕು. ಐದಕ್ಕೆ ಎದ್ದವನಿಗೆ ಬಿಸಿನೀರು, ಚಹಾ, ಡಬ್ಬಿಯಲ್ಲಿ ಅನ್ನ-ಸಾರು ಸಿದ್ಧವಿರಬೇಕಾದರೆ ಇನ್ನೊಬ್ಬರು ನಾಲ್ಕಕ್ಕೆ ಏಳಬೇಕು. ಆ ಇನ್ನೊಬ್ಬರು ಯಾರೆಂದು ಹೇಳಬೇಕಾಗಿಲ್ಲ. ರಾತ್ರಿ ಎಲ್ಲರೂ ಉಂಡ ಮೇಲೆ ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ ಹನ್ನೊಂದಕ್ಕೆ ಹಾಸಿಗೆ ಕಂಡವರೂ ಅವರೇ. ಲೆಕ್ಕ ಹಾಕಿ ನೋಡಿ, ಐದು ಗಂಟೆಯ ನಿದ್ದೆ. ಬೆಳೆದ ಮನುಷ್ಯನಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಮೀನುಗಾರರಿಗಾದರೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೇಲೆ ನಿಷೇಧವಿರುತ್ತದೆ. ದೋಣಿ ದಡದಲ್ಲಿರುತ್ತದೆ, ಬಲೆಗೂ ಬಿಡುವು. ಒಲೆಗೆ ಅಂತಹ ಎರಡು ತಿಂಗಳು ಯಾವ ಸರಕಾರವೂ ಕೊಟ್ಟಿಲ್ಲ.

ಬೆಳಗಿನ ಮದ್ರಸದಲ್ಲಿ ಕೂರುವ ನನ್ನಂಥವರಿಗೆ ಇದು ಬೇಗ ಕಾಣಿಸುತ್ತದೆ. ಇವತ್ತು ನಿನ್ನನ್ನು ಎಬ್ಬಿಸಿದ್ದು ಯಾರು ಎಂದು ಮಕ್ಕಳನ್ನು ಕೇಳಿದರೆ ‘ಅಮ್ಮಿ’ ಎನ್ನುತ್ತಾರೆ. ಅಮ್ಮಿಯನ್ನು ಎಬ್ಬಿಸಿದ್ದು ಯಾರು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅಂಥದ್ದೊಂದು ಪ್ರಶ್ನೆ ಇರಬಹುದೆಂದೇ ಅವರಿಗೆ ಹೊಳೆದಿರುವುದಿಲ್ಲ.

ತನ್ನ ಸಮುದಾಯಕ್ಕೆ ಅದರ ಮುಂಜಾನೆಗಳಲ್ಲಿ ಬರಕತ್ ನೀಡೆಂದು ಪ್ರವಾದಿ(ಸ)ಯವರು ಅಲ್ಲಾಹನಲ್ಲಿ ಪ್ರಾರ್ಥಿಸಿದ ವಿಷಯ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಅದನ್ನು ವರದಿ ಮಾಡಿದ ಸಖರ್ ಗಾಮಿದಿ(ರ) ಒಬ್ಬ ವ್ಯಾಪಾರಿ. ಸರಕನ್ನು ದಿನದ ಆರಂಭದಲ್ಲೇ ಕಳಿಸುತ್ತಿದ್ದ ಅವರು ಸಂಪನ್ನರಾದರೆಂದೂ ಅಲ್ಲೇ ಇದೆ. ನಮ್ಮ ಪ್ರವಚನಗಳಲ್ಲಿ ಈ ಹದೀಸ್ ಅಂಗಡಿಯವರಿಗೂ ನೌಕರರಿಗೂ ಹೇಳಲಿಕ್ಕೆಂದೇ ಇರುವಂತಿದೆ. ಆದರೆ ಪ್ರಾರ್ಥನೆ ಇಡೀ ಉಮ್ಮತ್‌ಗಾಗಿ. ಅಡುಗೆಮನೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ನಿಂತವಳು ಆ ಉಮ್ಮತ್‌ಗೆ ಸೇರಿದವಳಲ್ಲವೇ? ಅಕ್ಕಿ ತೊಳೆಯುವ ಗಡಿಬಿಡಿಯಲ್ಲಿ ಆಕೆಯ ಫಜ್ರ್ ಸೂರ್ಯೋದಯದ ಅಂಚಿಗೆ ಸರಿದರೆ, ಜಮಾಅತ್‌ನ ಮೊದಲ ಸಾಲಿನಲ್ಲಿ ನಿಂತ ಗಂಡನ ಮುಂಜಾನೆಯನ್ನು ಪೂರ್ಣವೆನ್ನಲು ಸಾಧ್ಯವೇ?

ಇಲ್ಲಿ ಒಂದು ಉತ್ತರ ಸಿದ್ಧವಿರುತ್ತದೆ. ಆಕೆ ಸಂತೋಷದಿಂದಲೇ ಮಾಡುತ್ತಾಳೆ, ಆಕೆಗೆ ಪುಣ್ಯ ಸಿಗುತ್ತದೆ ಎಂಬುದು. ಪುಣ್ಯ ಸಿಗುವುದು ನಿಜ. ಆದರೆ ಆ ಪುಣ್ಯ ಆಕೆಯದು. ಅದರಿಂದ ನಮ್ಮ ಹೊಣೆ ಕಳೆಯುವುದಿಲ್ಲ. ಒಬ್ಬರು ಪ್ರೀತಿಯಿಂದ ನೀಡಿದ್ದು ಇಹ್ಸಾನ್. ಅದನ್ನೇ ಪಡೆದವನು ತನ್ನ ಹಕ್ಕೆಂದು ಎಣಿಸಲು ತೊಡಗಿದ ಕ್ಷಣದಲ್ಲಿ, ಚಹಾ ತಡವಾದುದಕ್ಕೆ ದನಿ ಏರಿಸಿದ ಕ್ಷಣದಲ್ಲಿ, ಅದು ಅನ್ಯಾಯದ ಕಡೆಗೆ ತಿರುಗುತ್ತದೆ. ಕೊಡುವವಳ ತೃಪ್ತಿಯಿಂದ ಪಡೆಯುವವನ ನ್ಯಾಯವನ್ನು ಅಳೆಯಲಾಗದು.

ಇನ್ನೊಂದು ಮಾತಿನಲ್ಲಿ ತಥ್ಯವಿದೆ. ಹಗಲಿಡೀ ದುಡಿದು ಕತ್ತಲಾದ ಮೇಲೆ ಗಡಿ ದಾಟಿ ಮರಳುವವನೂ ದಣಿದಿರುತ್ತಾನೆ. ಅವನನ್ನು ಅಪರಾಧಿಯಂತೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನಿಜವಾದ ಗಂಟು ಬೆಳಿಗ್ಗೆಯಲ್ಲಿಲ್ಲ, ರಾತ್ರಿಯಲ್ಲಿದೆ.

ಇಶಾಕ್ಕೆ ಮೊದಲು ಮಲಗುವುದನ್ನೂ ಇಶಾದ ನಂತರ ಹರಟುತ್ತಾ ಕೂರುವುದನ್ನೂ ಪ್ರವಾದಿ(ಸ)ಯವರು ಇಷ್ಟಪಡುತ್ತಿರಲಿಲ್ಲ. ನಮ್ಮ ಕರಾವಳಿಯ ವೇಳೆಯನ್ನು ಗಮನಿಸಿ. ಕಾರವಾರದಲ್ಲಿ ಜನವರಿ ಆರಂಭದ ಸೂರ್ಯೋದಯ ಸುಮಾರು ಏಳಕ್ಕೆ, ಮೇ ಕೊನೆಯಲ್ಲಿ ಆರರ ಸುಮಾರಿಗೆ. ಹಾಗಾಗಿ ಫಜ್ರ್ ಕೂಡ ಆರು ತಿಂಗಳಲ್ಲಿ ಒಂದು ಗಂಟೆಯಷ್ಟು ಮಾತ್ರ ನಿಧಾನವಾಗಿ ಸರಿಯುತ್ತದೆ. ದೇಹ ಅದಕ್ಕೆ ಹೊಂದಿಕೊಳ್ಳಬಲ್ಲದು. ಬೇಸಿಗೆಯ ಅತಿ ಚಿಕ್ಕ ರಾತ್ರಿಯಲ್ಲೂ ಇಶಾದ ವೇಳೆ ಆರಂಭವಾದಲ್ಲಿಂದ ಫಜ್ರ್‌ವರೆಗೆ ಎಂಟು ಗಂಟೆಗಳ ಅವಕಾಶವಿದೆ. ರಾತ್ರಿಯನ್ನು ಹೊದಿಕೆಯಾಗಿಯೂ ಹಗಲನ್ನು ಜೀವನೋಪಾಯಕ್ಕಾಗಿಯೂ ಮಾಡಿದ್ದೇನೆಂದು ಅಲ್ಲಾಹನು ನಬಅ್ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಹೊದಿಕೆ ಚಿಕ್ಕದಾಗಿರಲಿಲ್ಲ, ನಾವೇ ಅದನ್ನು ಟಿ.ವಿ.ಗೂ ಮೊಬೈಲಿಗೂ ಹರಿದು ಹಂಚಿದೆವು. ದೇಹದೊಳಗೊಂದು ಗಡಿಯಾರವಿದೆ, ಅದು ಹಗಲಿನ ಬೆಳಕಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಅದರ ಕಾರ್ಯವಿಧಾನವನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತಡರಾತ್ರಿಯ ಪರದೆಯ ಬೆಳಕು ಆ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ಫಜ್ರ್ ಮುಗಿಸಿ ಮಸೀದಿಯಿಂದ ನಡೆದು ಬರುವಾಗ ಕಣ್ಣಿಗೆ ಬೀಳುವ ಬೆಳಕು ಅದನ್ನು ಸರಿಪಡಿಸುತ್ತದೆ.

ಆದುದರಿಂದ ಒಂಬತ್ತೂವರೆಗೆ ದೀಪ ಆರಲಿ, ಆದರೆ ಎಲ್ಲರ ದೀಪ. ತಾನು ಮಲಗಿ, ಪಾತ್ರೆಗಳನ್ನು ಹೆಂಡತಿಗೆ ಬಿಟ್ಟರೆ ಅದು ಮತ್ತೆ ಹಳೆಯ ಲೆಕ್ಕವೇ. ಮನೆಯಲ್ಲಿ ಪ್ರವಾದಿ(ಸ)ಯವರು ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ಡಬ್ಬಿಯನ್ನು ಬಂದ ಕೂಡಲೇ ತೊಳೆದಿಡುವುದು, ನಾಳಿನ ಈರುಳ್ಳಿ ಹೆಚ್ಚಿಡುವುದು, ನೀರು ತುಂಬಿಸುವುದು, ಮರುದಿನದ ಬಟ್ಟೆಯನ್ನು ತಾನೇ ತೆಗೆದಿಡುವುದು ಇಪ್ಪತ್ತು ನಿಮಿಷದ ಕೆಲಸ. ಹನ್ನೆರಡು ವರ್ಷದ ಹುಡುಗನಿಗೆ ಚಹಾ ಮಾಡಲು ಬಾರದು ಎನ್ನುವ ಮನೆಗಳಲ್ಲಿ ಅದೇ ವಯಸ್ಸಿನ ಹುಡುಗಿ ರೊಟ್ಟಿ ತಟ್ಟುತ್ತಿರುತ್ತಾಳೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆರಾಧನೆಯ ಹೆಸರಿನಲ್ಲಿ ಕೂಡ ಮನೆಯವರ ಹಕ್ಕು ಮುಳುಗಬಾರದು. ಅಬೂದರ್ದಾ(ರ) ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಪತ್ನಿಯ ಕಡೆ ಗಮನವೇ ಕೊಡದಿದ್ದಾಗ ಸಲ್ಮಾನ್ ಫಾರಿಸಿ(ರ) ಅವರನ್ನು ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ನಮಾಝ್ ಮಾಡಿದರು. ಪ್ರಭುವಿಗೂ ದೇಹಕ್ಕೂ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ಸಲ್ಮಾನ್(ರ) ತಿಳಿಹೇಳಿದ್ದನ್ನು ಪ್ರವಾದಿ(ಸ)ಯವರು ಒಪ್ಪಿದರು. ರಾತ್ರಿ ಎದ್ದು ನಮಾಝ್ ಮಾಡಿ ಪತ್ನಿಯನ್ನು ಎಬ್ಬಿಸುವ ಪುರುಷನಿಗೂ, ಪತಿಯನ್ನು ಎಬ್ಬಿಸುವ ಸ್ತ್ರೀಗೂ ಅಲ್ಲಾಹನ ಕರುಣೆಯಿರಲೆಂದು ಪ್ರವಾದಿ(ಸ)ಯವರು ಪ್ರಾರ್ಥಿಸಿದ್ದುಂಟು. ಆ ಹದೀಸ್‌ನಲ್ಲಿ ಮೊದಲು ಏಳುವವನು ಪುರುಷ. ನಮ್ಮ ಮನೆಗಳಲ್ಲಿ ಆ ಕ್ರಮ ತಿರುಗಿದ್ದು ಯಾವಾಗ?

ಎಬ್ಬಿಸುವುದರಲ್ಲೂ ಒಂದು ಶಿಷ್ಟಾಚಾರವಿದೆ. ರಾತ್ರಿ ಮನೆಗೆ ಬರುವಾಗ ಪ್ರವಾದಿ(ಸ)ಯವರು ಎಚ್ಚರವಿದ್ದವರಿಗೆ ಕೇಳುವಷ್ಟು, ಮಲಗಿದವರು ಏಳದಷ್ಟು ಮೆಲುದನಿಯಲ್ಲಿ ಸಲಾಮ್ ಹೇಳುತ್ತಿದ್ದರೆಂದು ಮಿಕ್ದಾದ್(ರ) ವರದಿ ಮಾಡಿದ್ದು ಮುಸ್ಲಿಮ್‌ನಲ್ಲಿದೆ. ಮೊಬೈಲಿನ ಅಲಾರಂ ಐದು ಸಲ ಬಡಿದು, ಹಾಲುಗೂಸನ್ನೂ ವೃದ್ಧ ತಾಯಿಯನ್ನೂ ಎಬ್ಬಿಸಿ, ಅದನ್ನು ಇಟ್ಟವನನ್ನು ಮಾತ್ರ ಎಬ್ಬಿಸದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮೊದಲ ಸದ್ದಿಗೇ ಕೈ ಚಾಚಿ ಅದನ್ನು ನಿಲ್ಲಿಸಿ, ವುಝೂ ಮಾಡಿ, ಒಲೆಯ ಮೇಲೆ ನೀರಿಟ್ಟು, ಆಮೇಲೆ ಮೆಲ್ಲಗೆ ಮನೆಯವರ ಹೆಸರು ಕರೆಯಲು ಹತ್ತು ನಿಮಿಷ ಸಾಕು. ನಾಳೆ ಆರರ ಬಸ್ಸು ಇದರಿಂದ ತಪ್ಪುವುದಿಲ್ಲ.