ಎದೆ ಬಡೀತಿರೋವಾಗ ಕೇಳೋದು ಹೇಗೆ?

2018ರ ಮಳೆಗಾಲ. ಮೆಕ್ಕೆಜೋಳಕ್ಕೆ ಗೊಬ್ಬರ ತರೋಕೆ ಅಂತ ಹೊನ್ನಾಳಿಗೆ ಹೋಗಿದ್ದ ನಮ್ಮ ಚಿಕ್ಕಪ್ಪ ವಾಪಸ್ ಬರುವಾಗ ಬೈಕಿನಿಂದ ಬಿದ್ದ. ಹೆಲ್ಮೆಟ್ ಮನೆಯ ಗೂಟದಲ್ಲೇ ನೇತಾಡ್ತಿತ್ತು. ಹೊನ್ನಾಳಿಯಲ್ಲಿ ಬ್ಯಾಂಡೇಜು ಸುತ್ತಿ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು, ಬೆಳಗಾಗುವಷ್ಟರಲ್ಲಿ ಐಸಿಯು ಬಾಗಿಲ ಮುಂದೆ ನಿಂತಿದ್ದೆ. ಮನೆಯಲ್ಲಿ ಬಿಇ ಓದಿದವನು ನಾನೊಬ್ಬನೇ. ಹಾಗಾಗಿ ಡಾಕ್ಟರ ಜೊತೆ ಮಾತಾಡೋ ಕೆಲಸ ನನ್ನ ಪಾಲಿಗೆ ಬಂತು.

ಮೂರನೇ ದಿನ ಮಧ್ಯಾಹ್ನ ಡಾಕ್ಟರು ಕರೆದು ಎರಡು ಮಾತು ಹೇಳಿದರು. ಒಂದು, ಪೇಷಂಟ್ ಬ್ರೈನ್ ಡೆಡ್. ಎರಡು, ಅಂಗಾಂಗ ದಾನ ಮಾಡಬಹುದು, ಮನೆಯವರನ್ನು ಕೇಳಿ ಬೇಗ ಹೇಳಿ. ಮೊದಲನೇ ಮಾತಿಗೂ ಎರಡನೇ ಮಾತಿಗೂ ನಡುವೆ ನಾನು ಉಗುಳು ನುಂಗುವಷ್ಟೂ ಬಿಡುವಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಚಿಕ್ಕಮ್ಮ ಕೂತಿದ್ದಳು. ನಾನು ಅನುವಾದ ಮಾಡಿದೆ: "ಚಿಕ್ಕಪ್ಪನ ಮಿದುಳು ಕೆಲಸ ಮಾಡ್ತಿಲ್ವಂತೆ. ಕಿಡ್ನಿ, ಲಿವರ್ರು ಬೇರೆಯವ್ರಿಗೆ ಕೊಡಬಹುದಂತೆ."

ಅವಳು ನನ್ನ ಮುಖ ನೋಡಿದಳು. "ಎದಿ ಏರಿಳೀತಾ ಐತಲ್ಲೋ ತಮ್ಮಾ. ಈಗಿನ್ನ ಕೈ ಮುಟ್ಟಿ ಬಂದೀನಿ, ಬೆಚ್ಚಗೈತಿ. ಇರೋ ಮನುಷ್ಯನ್ನ ಕೊಯ್ಯಾಕೆ ನಾನು ಹೂಂ ಅನ್ಲಾ?"

ಬೇಡ ಅಂದೆವು. ಡಾಕ್ಟರು ತಲೆಯಾಡಿಸಿ ಹೋದರು.

ಆಮೇಲೆ ಎಷ್ಟೋ ವರ್ಷ ಈ ಕತೆಯನ್ನು ನಾನು ಆಫೀಸಿನ ಗೆಳೆಯರಿಗೆ ಒಂದೇ ಧಾಟಿಯಲ್ಲಿ ಹೇಳ್ತಿದ್ದೆ: ಹಳ್ಳಿ ಜನ, ತಿಳಿವಳಿಕೆ ಇಲ್ಲ, ನಂಬಿಕೆ ಅಡ್ಡ ಬಂತು. ಈಗ ಹಾಗೆ ಹೇಳಲ್ಲ. ಚಿಕ್ಕಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಕೊಡಬೇಕಾದವರು ಕೊಡಲಿಲ್ಲ. ಅವರಲ್ಲಿ ನಾನೂ ಒಬ್ಬ.

ಉತ್ತರ ಇತ್ತು. ಉಸಿರಾಟ ನಡೆಸೋದು ಮಿದುಳಿನ ಬುಡ, ಅಂದರೆ ಮಿದುಳಕಾಂಡ. ಅದು ಸತ್ತರೆ ತಾನಾಗಿ ಉಸಿರಾಡೋದು ಮತ್ತೆ ಎಂದೂ ಸಾಧ್ಯವಿಲ್ಲ. ಎದೆ ಏರಿಳಿಸ್ತಿರೋದು ವೆಂಟಿಲೇಟರ್ ಯಂತ್ರ. ಹೃದಯಕ್ಕೆ ಬಡಿಯೋಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಆಮ್ಲಜನಕ ಸಿಗುವವರೆಗೆ ಒಂದಷ್ಟು ಹೊತ್ತು ಅದು ಬಡೀತಿರುತ್ತೆ, ಮೈ ಬೆಚ್ಚಗಿರುತ್ತೆ. ಇದನ್ನು ಒಬ್ಬ ಡಾಕ್ಟರು ನೋಡಿ ಹೇಳಿದರೆ ಸಾಲದು. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಸಹಿ ಹಾಕಬೇಕು, ಪರೀಕ್ಷೆಗಳನ್ನು ಕನಿಷ್ಠ 6 ಗಂಟೆ ಬಿಟ್ಟು ಎರಡನೇ ಸಲ ಮಾಡಬೇಕು. ಯಂತ್ರದ ಉಸಿರು ನಿಲ್ಲಿಸಿ, ರೋಗಿ ತಾನಾಗಿ ಒಂದಾದರೂ ಉಸಿರು ಎಳೀತಾನಾ ಅಂತ ನೋಡೋದೂ ಅದರಲ್ಲಿ ಸೇರಿದೆ. ಅಂಗ ಕಸಿ ಮಾಡೋ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ.

ಸಾಫ್ಟ್‌ವೇರ್‌ನವರಿಗೆ ಈ ಕೊನೇ ನಿಯಮ ತಕ್ಷಣ ಅರ್ಥ ಆಗುತ್ತೆ. ಕೋಡ್ ಬರೆದವನೇ ಅದಕ್ಕೆ ಅಪ್ರೂವಲ್ ಕೊಡುವಂತಿಲ್ಲ ಅಲ್ವಾ? ಸಾವನ್ನು ಘೋಷಿಸುವವನಿಗೆ ಆ ಸಾವಿನಿಂದ ಯಾವ ಲಾಭವೂ ಇರಬಾರದು. ಈ ಎಚ್ಚರಕ್ಕೆ ಕಾರಣ ಇದೆ. ಈ ಕಾಯ್ದೆ ಬಂದದ್ದೇ ಕಿಡ್ನಿ ವ್ಯಾಪಾರ ತಡೆಯಲು, ಮತ್ತು ಆ ವ್ಯಾಪಾರಕ್ಕೆ ಆಗ ಬೆಂಗಳೂರೂ ಹೆಸರಾಗಿತ್ತು. "ಆಸ್ಪತ್ರೇಲಿ ಕಿಡ್ನಿ ಕದೀತಾರೆ" ಅಂತ ನಮ್ಮೂರ ಕಟ್ಟೆ ಮೇಲೆ ಆಡಿಕೊಳ್ಳೋದು ಬರೀ ಅಜ್ಞಾನ ಅಲ್ಲ, ಹಳೇ ಗಾಯದ ಕಲೆ.

ಕಾನೂನು ವೈದ್ಯರನ್ನು ಬೇರೆ ಬೇರೆ ಇಟ್ಟಿತು. ಆದರೆ ಆ ಮಧ್ಯಾಹ್ನ ಬೇರೆ ಬೇರೆ ಇರಬೇಕಾಗಿದ್ದ ಎರಡು ಮಾತುಗಳು ಒಂದೇ ಬಾಯಿಂದ, ಒಂದೇ ಉಸಿರಲ್ಲಿ ಬಂದವು. ಸಾವಿನ ಸುದ್ದಿಯ ಬಾಲಕ್ಕೇ ಒಂದು ಕೋರಿಕೆ ಕಟ್ಟಿದರೆ, ಕೋರಿಕೆಗೋಸ್ಕರವೇ ಸುದ್ದಿ ಹೇಳ್ತಿದ್ದಾರೆ ಅನ್ನಿಸುತ್ತೆ. ಹಾಗನ್ನಿಸಿದ ಮೇಲೆ ನಾಲ್ಕಲ್ಲ, ನಲವತ್ತು ಸಹಿ ತೋರಿಸಿದರೂ ಪ್ರಯೋಜನ ಇಲ್ಲ.

ಆಮೇಲೆ ಆಗಿದ್ದು ಇನ್ನೂ ವಿಚಿತ್ರ. ನಾವು ಬೇಡ ಅಂದ ಮೇಲೂ ಯಂತ್ರ ನಡೀತಾನೇ ಇತ್ತು. ಔಷಧಿ ಚೀಟಿ ಬರ್ತಾನೇ ಇತ್ತು. ರಾತ್ರಿ ನರ್ಸ್ ಒಬ್ಬಳು ಪಾಪ, ಸಮಾಧಾನಕ್ಕೆ ಅಂತಲೇ, "ಬಿಪಿ ನಾರ್ಮಲ್ ಇದೆ" ಅಂದಳು. ಚಿಕ್ಕಮ್ಮ ನನ್ನ ಕಡೆ ತಿರುಗಿ "ಸತ್ತೋರಿಗೆ ಬಿಪಿ ಯಾಕ ನೋಡ್ತಾರೋ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಲ್ಲಿ ಮಿದುಳು ಸಾವು ಅನ್ನೋದು ಅಂಗಾಂಗ ದಾನದ ಕಾಯ್ದೆಗೇ ಅಂಟಿಕೊಂಡಿದೆ. ಹಾಗಾಗಿ ದಾನಕ್ಕೆ ಹೂಂ ಅಂದರೆ ಮನುಷ್ಯ ಸತ್ತಿದ್ದಾನೆ, ಊಹೂಂ ಅಂದರೆ ಇನ್ನೂ ಪೇಷಂಟು, ಅನ್ನೋ ಹಾಗಾಗುತ್ತೆ. ಕೇರಳ ಸರ್ಕಾರ 2020ರಲ್ಲಿ ಈ ಎರಡನ್ನೂ ಬಿಡಿಸಿ ಮಾರ್ಗಸೂಚಿ ತಂದಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ, ಚೇತರಿಕೆಯ ಆಸೆಯೇ ಇಲ್ಲದವರ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರೋಕೆ ಆದೇಶ ಮಾಡಿತು. ನಮಗೆ ಆಗ ಅದ್ಯಾವುದೂ ಇರಲಿಲ್ಲ.

ಎರಡು ದಿನದ ನಂತರ ಹೃದಯ ನಿಂತಿತು. ಪೋಸ್ಟ್‌ಮಾರ್ಟಂ ಆಯ್ತು. ಊರಿಗೆ ತಂದು ಮಣ್ಣು ಮಾಡಿದೆವು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ಅವರ ಕಣ್ಣು ನಾಲ್ವರಿಗೆ ಬೆಳಕು ಕೊಟ್ಟ ಸುದ್ದಿ ಟಿವಿಯಲ್ಲಿ ಬರ್ತಿತ್ತು. ದೀಪಾವಳಿಗೆ ಊರಿಗೆ ಹೋಗಿದ್ದ ನಾನು ಚಿಕ್ಕಮ್ಮನ ಮನೆಯಲ್ಲಿ ಕೂತು ಅದನ್ನೇ ನೋಡ್ತಿದ್ದೆ. ಅವಳು ಮೊರದಲ್ಲಿ ಅಕ್ಕಿ ಆರಿಸ್ತಾ ಕೇಳಿದಳು: "ಕಣ್ಣು ಉಸಿರು ನಿಂತ ಮ್ಯಾಲೆ ತಗೀತಾರಾ?" ಹೌದು, ಆರು ಗಂಟೆಯೊಳಗೆ ತೆಗೆದರೆ ಆಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಹಂಗಾರೆ ಅವ್ರದ್ದು ಕೊಡ್ತಿದ್ದೆ. ಯಾರೂ ಕೇಳ್ಲೇ ಇಲ್ವಲ್ಲೋ."

ಹೌದು, ಯಾರೂ ಕೇಳಲಿಲ್ಲ. ಒಂದು ಸಲ ಬೇಡ ಅಂದ ಮನೆಯ ಜೊತೆ ಮಾತೇ ನಿಂತುಹೋಗಿತ್ತು. ನನಗೂ ನೆನಪಾಗಲಿಲ್ಲ.

ವೈದ್ಯರಿಗೆ, ನರ್ಸ್‌ಗಳಿಗೆ ನೀತಿಪಾಠದ ತರಬೇತಿ ಬೇಕು ಅನ್ನೋ ಮಾತು ಈಗ ಎಲ್ಲ ಕಡೆ ಕೇಳ್ತೀವಿ. 2019ರಲ್ಲಿ ಎಂಬಿಬಿಎಸ್ ಸೇರಿದ ಬ್ಯಾಚಿನಿಂದ ವರ್ತನೆ, ನೀತಿ, ಸಂವಹನ ಪಠ್ಯದಲ್ಲೇ ಸೇರಿವೆ. ಕಸಿಗೆ ನೋಂದಾಯಿಸಿದ ಆಸ್ಪತ್ರೆಯಲ್ಲಿ ತರಬೇತಾದ ಸಂಯೋಜಕರು ಇರಬೇಕು ಅಂತ 2011ರ ತಿದ್ದುಪಡಿ ಹೇಳುತ್ತೆ. ದಾನಕ್ಕೆ ಒಪ್ಪಬಹುದು ಅಥವಾ ನಿರಾಕರಿಸಬಹುದು ಅಂತ ಮನೆಯವರಿಗೆ ತಿಳಿಸೋದು ಅದರ ಪ್ರಕಾರ ಕರ್ತವ್ಯ. ನಿರಾಕರಿಸಬಹುದು ಅನ್ನೋದೂ ಕಾಯ್ದೆಯಲ್ಲೇ ಇದೆ, ಗಮನಿಸಿ.

ಹಾಗಾದರೆ ತರಬೇತಿ ಯಾತಕ್ಕೆ? ಹೆಚ್ಚು ಜನರ ಬಾಯಲ್ಲಿ ಹೂಂ ಅನ್ನಿಸೋಕಾ? ಪ್ರಶ್ನೆ ಅಷ್ಟು ಸಲೀಸಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬಸ್ ಹತ್ತೋ ಸಹಪಾಠಿಯೊಬ್ಬ ನನಗಿದ್ದಾನೆ. ನಮ್ಮ ಮನೆಯ "ಬೇಡ"ದ ಬೆಲೆ ಅವನಂಥವರು ಕೊಡ್ತಾರೆ. ಅವನ ಮುಂದೆ ನಿಂತು "ಬೇಡ ಅನ್ನೋದು ನಮ್ಮ ಹಕ್ಕು" ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೂ ಚಿಕ್ಕಮ್ಮನಿಗೆ ಅರ್ಥವಾಗದ ಪದದ ಮರೆಯಲ್ಲಿ ನಾನು ಅವತ್ತು ಹೂಂ ಅನ್ನಿಸಿಬಿಟ್ಟಿದ್ದರೆ? ಅದನ್ನು ದಾನ ಅನ್ನೋಕಾಗ್ತಿತ್ತಾ? ಇವತ್ತು ಟಿವಿ ಮುಂದೆ ಕೂತು "ನಾನೇ ಕೊಯ್ಯೋಕೆ ಕೊಟ್ಟೆ" ಅಂತ ಅವಳು ಕೊರಗ್ತಿದ್ದಳು. ಆ ಕೊರಗು ಊರಿಡೀ ಹರಡಿ, ಮುಂದಿನ ಹತ್ತು ಮನೆಯವರೂ ಬೇಡ ಅಂತಿದ್ದರು.

ತರಬೇತಿ ಬೇಕಾಗಿರೋದು ಹೂಂ ಅನ್ನಿಸೋದಕ್ಕಲ್ಲ, ಸತ್ಯವನ್ನು ಕೇಳುವವರ ಭಾಷೆಯಲ್ಲಿ, ಸರಿಯಾದ ಕ್ರಮದಲ್ಲಿ ಹೇಳೋದಕ್ಕೆ. ಮೊದಲು ಸಾವು. "ತೀರಿಕೊಂಡಿದ್ದಾರಮ್ಮ, ಈ ಉಸಿರು ಯಂತ್ರದ್ದು" ಅಂತ ನೇರವಾಗಿ. ಬೇಕಾದರೆ ಆ ಪರೀಕ್ಷೆಯನ್ನು ಮನೆಯವರೊಬ್ಬರು ನೋಡಲಿ. ಆಮೇಲೆ ಅಳೋಕೆ ಹೊತ್ತು. ಆಮೇಲೆ ಇನ್ನೊಬ್ಬರು ಬಂದು ದಾನದ ಮಾತು ತೆಗೀಲಿ. ಅಂಗ ಯಾರಿಗೆ ಹೋಗುತ್ತೆ ಅನ್ನೋದು ಹಾಸಿಗೆ ಪಕ್ಕ ನಿಂತ ಡಾಕ್ಟರ ಕೈಲಿಲ್ಲ, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿ ನೋಡುತ್ತೆ ಅಂತಲೂ ಹೇಳಲಿ. ಅಂಗಾಂಗ ಬೇಡ ಅಂದವರನ್ನು, ಹೃದಯ ನಿಂತ ಮೇಲೆ, ಕಣ್ಣಿನ ಬಗ್ಗೆ ಕೇಳಲಿ. ರಾತ್ರಿ ಪಾಳಿಯ ನರ್ಸ್‌ಗೂ ಈ ಪಾಠ ಆಗಲಿ. ಚಿಕ್ಕಮ್ಮ ನಂಬಿದ್ದು ಡಾಕ್ಟರ ಮಾತನ್ನಲ್ಲ, ಅವಳ "ನಾರ್ಮಲ್" ಅನ್ನು.

ಇಷ್ಟೆಲ್ಲ ಆದಮೇಲೂ ಒಬ್ಬರು ಬೇಡ ಅಂದರೆ? ಅವರಿಗೆ ಕೈ ಮುಗಿದು ಕಳಿಸಬೇಕು. ತಿಳಿದು ಹೇಳಿದ ಬೇಡಕ್ಕೆ ಬೆಲೆ ಇರೋ ಕಡೆ ಮಾತ್ರ ತಿಳಿದು ಹೇಳಿದ ಹೂಂಗೂ ಬೆಲೆ.

ನಮ್ಮಂಥವರಿಗೂ ಒಂದು ಪಾಠ ಇದೆ. ಊರಿನ ಮನೆಗಳಿಗೆ ಆಸ್ಪತ್ರೆಯಲ್ಲಿ ಅನುವಾದಕರು ನಾವೇ. ಮುಂದಿನ ಸಲ ಐಸಿಯು ಹೊರಗೆ ನಿಲ್ಲೋರು ನೀವೇ ಇರಬಹುದು. ಅರ್ಥ ಆಗದ್ದನ್ನು ಅರ್ಥ ಆದವರ ಹಾಗೆ ದಾಟಿಸಬೇಡಿ. ಡಾಕ್ಟರನ್ನು ಮತ್ತೊಮ್ಮೆ ಕೇಳಿ: "ಅಂದರೆ ಸತ್ತಿದ್ದಾರಾ?" ಅವತ್ತು ಆ ಒಂದು ಪ್ರಶ್ನೆ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ನಾನೀಗ ದಾನಕ್ಕೆ ಹೆಸರು ನೋಂದಾಯಿಸಿದ್ದೀನಿ. ಆದರೆ ಕೊನೆಗೆ ಕೇಳೋದು ಮನೆಯವರನ್ನೇ. ಅದಕ್ಕೇ ಹೋದ ಸಲ ಊರಿಗೆ ಹೋದಾಗ ಅವ್ವನಿಗೂ ಹೇಳಿದೆ, ಅವಳಿಗೆ ತಿಳಿಯೋ ಮಾತಲ್ಲಿ. ಅಪಶಕುನದ ಮಾತಾಡಬ್ಯಾಡ ಅಂತ ಬೈದಳು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ, "ಹೇಳ್ಲಿ ಬಿಡಕ್ಕ, ಈಗ್ಲೇ ಹೇಳ್ಲಿ" ಅಂದಳು.