ಉಪಗೂಹನವೂ ಮೌನವೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಅಶಕ್ತರಾದ ಧರ್ಮಬಂಧುಗಳಿಂದ ಸಂಭವಿಸಿದ ದೋಷವನ್ನು ಬೀದಿಗೆಳೆದು ಮಾರ್ಗಕ್ಕೆ ನಿಂದೆ ತಾರದಿರುವುದು ಅದರ ಅರ್ಥವೆಂದು ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ತಾನು ದುಡಿಯುವ ಸಂಸ್ಥೆಯಲ್ಲಿ ಪ್ರಾಣಾಪಾಯದ ದೋಷವನ್ನು ಕಂಡವನು, ಸಂಸ್ಥೆಯ ಗೌರವಕ್ಕಾಗಿ ಸುಮ್ಮನಿದ್ದರೆ ಅದೂ ಉಪಗೂಹನವೇ?

ಈ ಪ್ರಶ್ನೆ ನಮ್ಮ ನಾಡಿಗೆ ದೂರದ್ದಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ನಿರ್ಮಿಸಿದ ಎಚ್‌ಪಿಟಿ-32 ದೀಪಕ್ ಎಂಬ ವಿಮಾನದಲ್ಲಿ ವಾಯುಪಡೆಯ ತರುಣರು 1984ರಿಂದ ಹಾರಾಟದ ಮೊದಲ ಪಾಠವನ್ನು ಕಲಿತರು. ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವ, ಒಂದೇ ಎಂಜಿನ್ನಿನ ಪುಟ್ಟ ವಿಮಾನವದು. ಹಾರುತ್ತಿರುವಾಗಲೇ ಎಂಜಿನ್ ಸ್ಥಗಿತಗೊಳ್ಳುವ ದೋಷ ಅದನ್ನು ಬಿಡದೆ ಕಾಡಿತು. ಆಪತ್ತಿನಲ್ಲಿ ವೈಮಾನಿಕನನ್ನು ಹೊರಕ್ಕೆ ಚಿಮ್ಮಿಸುವ ಆಸನವಂತೂ ಅದರಲ್ಲಿರಲಿಲ್ಲ. 2009ರ ಜುಲೈ 31ರಂದು ಮೇದಕ್ ಜಿಲ್ಲೆಯಲ್ಲಿ ಇಬ್ಬರು ವೈಮಾನಿಕರು ಮಡಿದ ಬಳಿಕ ಅದರ ಹಾರಾಟವನ್ನೇ ನಿಲ್ಲಿಸಲಾಯಿತು. ಅಷ್ಟರಲ್ಲಿ 17 ಅಪಘಾತಗಳು, 19 ಸಾವುಗಳು. ಹದಿನೇಳು ಎಂಬುದು ಒಂದೇ ದಿನ ಬಂದ ಸಂಖ್ಯೆಯಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮಾತನಾಡಲು ಕಾಲವಿತ್ತು, ಕೇಳಿಸಿಕೊಳ್ಳಲೂ ಇತ್ತು.

ಒಳಗಿದ್ದು ಮಾತನಾಡುವುದು ಸುಲಭವೆಂದು ನಾನು ಹೇಳುವುದಿಲ್ಲ. ಅಮೆರಿಕದ ಎಂಜಿನಿಯರ್ ರಾಜರ್ ಬೋಯಿಸ್‌ಜೊಲಿ ಚಾಲೆಂಜರ್ ನೌಕೆಯ ರಾಕೆಟ್ಟಿನ ದೋಷವನ್ನು 1985ರಲ್ಲಿಯೇ ಬರೆದು ತಿಳಿಸಿದ್ದರು. ಉಡಾವಣೆಯ ಹಿಂದಿನ ರಾತ್ರಿಯೂ ಬೇಡವೆಂದು ವಾದಿಸಿದರು. ಮೇಲಿನವರು ಒಪ್ಪಲಿಲ್ಲ. 1986ರ ಜನವರಿ 28ರಂದು ಏಳು ಮಂದಿ ಅಸುನೀಗಿದರು. ಅನಂತರ ಸಹೋದ್ಯೋಗಿಗಳು ದೂರವಿಟ್ಟದ್ದು ಸತ್ಯ ಹೇಳಿದ ಅವರನ್ನೇ.

ಸೇನೆಯ ಕೆಲಸವೇ ಹಿಂಸೆಯಲ್ಲವೇ ಎಂದು ಕೆಲವರು ಕೇಳಿಯಾರು. ಗೃಹಸ್ಥನಿಗೆ ಉದ್ಯೋಗೀ ಹಿಂಸೆಯೂ ವಿರೋಧೀ ಹಿಂಸೆಯೂ ಸಂಪೂರ್ಣವಾಗಿ ತಪ್ಪುವುದಿಲ್ಲವೆಂದು ಆಚಾರ್ಯರೇ ಒಪ್ಪಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಟ್ಟಿದ್ದಾರೆ. ತಿಳಿದೂ ಸುಮ್ಮನಿರುವುದಕ್ಕಿಂತ ದೊಡ್ಡ ಪ್ರಮಾದ ಯಾವುದು? ಉಪಗೂಹನವು ಆಗಿಹೋದ ದೋಷದ ಮಾತು. ಆಗಲಿರುವ ಪ್ರಾಣಹಾನಿಗೆ ಅದು ಹೊದಿಕೆಯಾಗಲಾರದು.

ನಮ್ಮ ಬಂಕಾಪುರದ ನೆನಪು ಇಲ್ಲಿ ಬರುತ್ತದೆ. ಅನೇಕ ಯುದ್ಧಗಳನ್ನು ಗೆದ್ದ ಗಂಗ ದೊರೆ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಈ ಊರಿಗೆ ಬಂದು, ಅಜಿತಸೇನಾಚಾರ್ಯರ ಪಾದಮೂಲದಲ್ಲಿ ಸಲ್ಲೇಖನವನ್ನು ಕೈಗೊಂಡನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಸಲ್ಲೇಖನಕ್ಕೆ ಮೊದಲು ಆಲೋಚನೆ ವಿಹಿತ. ಗುರುವಿನ ಮುಂದೆ ಮರೆಮಾಚದೆ ದೋಷಗಳನ್ನು ನುಡಿಯಬೇಕು. ಅದನ್ನು ಸಂತೆಯಲ್ಲಿ ನುಡಿಯುವುದಿಲ್ಲ, ಕೇಳಲು ಅರ್ಹನಾದವನ ಮುಂದೆ ನುಡಿಯುತ್ತಾರೆ. ಕಾರ್ಖಾನೆಯ ನೌಕರನೂ ಮೊದಲು ಮೇಲಧಿಕಾರಿಗೆ, ದ್ವೇಷವಿಲ್ಲದೆ, ಸಾಕ್ಷ್ಯಸಹಿತವಾಗಿ ಬರೆದು ತಿಳಿಸುವುದು ಯುಕ್ತ. ಆತ ಕೇಳದಿದ್ದರೆ ಇನ್ನೂ ಮೇಲಕ್ಕೆ ಹೋಗುವುದನ್ನು ಪರನಿಂದೆಯೆಂದು ನಾನು ಒಪ್ಪಲಾರೆ. ಆದರೆ ಆಲೋಚನೆಗೆ ಕೇಳುವ ಗುರುವೂ ಬೇಕಲ್ಲವೇ? ಹೇಳುವವನಿಗೆ ಧೈರ್ಯವನ್ನು ಬೋಧಿಸುವ ನಾವು ಕೇಳುವವರ ಕರ್ತವ್ಯವನ್ನು ಬೋಧಿಸುವುದು ಕಡಿಮೆ.

ಬಸದಿಗಳ ಟ್ರಸ್ಟಿನವರು ಇದನ್ನು ವಿಮಾನದವರ ಪಾಡೆಂದು ಪುಟ ಮಗುಚದಿರಲಿ. ಅಭಿಷೇಕಕ್ಕೆಂದು ನಾವೂ ಅಟ್ಟಣಿಗೆ ಕಟ್ಟಿಸುತ್ತೇವೆ. ಅದರ ಮೇಲೆ ವೃದ್ಧರೂ ಮಕ್ಕಳೂ ಕಲಶ ಹಿಡಿದು ಏರುತ್ತಾರೆ. ಮುಹೂರ್ತದ ಹಿಂದಿನ ಸಂಜೆ ಕೂಲಿಯವನೊಬ್ಬ ಬಂದು, ಒಂದು ಕಂಬದ ಕಟ್ಟು ಸಡಿಲವಾಗಿದೆ ಎಂದರೆ, ಆಮಂತ್ರಣಪತ್ರಿಕೆ ಹಂಚಿ ಮುಗಿಸಿದ ಸಮಿತಿಯಲ್ಲಿ ಅವನನ್ನು ಕುಳ್ಳಿರಿಸಿಕೊಂಡು ಕೇಳುವವರು ಯಾರು?