ಉಳಿದದ್ದು ಯಾರ ಪಾಲು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ಪ್ರಶ್ನೆಪತ್ರಿಕೆಗಳಲ್ಲಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೊತ್ತಿಗೆ ಸರಿಯಾಗಿ, ಹಿತಮಿತವಾಗಿ ಉಣ್ಣಬೇಕು ಎಂದು ಮಕ್ಕಳು ಬರೆಯುತ್ತಾರೆ. ನಾನು ಅಂಕ ಕೊಡುತ್ತೇನೆ. 52ನೆಯ ವಯಸ್ಸಿನಲ್ಲಿ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ, ಗಾದೆಯ ಆ ‘ಬಲ್ಲವನು’ ಯಾರು ಎಂಬ ಯೋಚನೆ ಹತ್ತಿತು. ಅವನು ಎಲೆಯ ಮುಂದೆ ಕೂತು ಉಣ್ಣುವವನು. ಬೇಕಾದ್ದನ್ನು ಬಡಿಸಿಕೊಂಡು, ಸಾಕಾದಾಗ ಕೈ ಅಡ್ಡ ಹಿಡಿಯಬಲ್ಲವನು. ಬಡಿಸುವವಳ ಊಟದ ಬಗ್ಗೆ ಗಾದೆ ಏನೂ ಹೇಳುವುದಿಲ್ಲ.

ನಮ್ಮ ಚನ್ನಪಟ್ಟಣದಲ್ಲಿ ಈ ಕಾಯಿಲೆಯವರಿಲ್ಲದ ಬೀದಿ ಸಿಗುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ, ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಇದು ಇದೆಯೆಂದು ಅಂದಾಜು ಮಾಡಿತು. ಹಾಗಾಗಿ ನನ್ನದೇನೂ ವಿಶೇಷ ಕಥೆಯಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮುಟ್ಟಿದರೆ ಕಾಯಿಲೆಯೆನ್ನುತ್ತಾರೆ. ನನ್ನದು 141 ಇತ್ತು. ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5ರ ಗೆರೆ ದಾಟಿ 7.2ಕ್ಕೆ ನಿಂತಿತ್ತು. ‘ಮೂರು ತಿಂಗಳು ಊಟ, ನಡಿಗೆ ತಿದ್ದಿಕೊಂಡು ಬನ್ನಿ ಮೇಡಂ, ಆಮೇಲೆ ಮಾತ್ರೆಯ ಮಾತು. ಮೊದಲು ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ’ ಎಂದರು ಡಾಕ್ಟರು.

ಬರೆದಿಟ್ಟೆ. ಸಿಹಿ ಅದರಲ್ಲಿ ಹೆಚ್ಚಿರಲಿಲ್ಲ. ನಾನಾಗಿ ಬಡಿಸಿಕೊಂಡದ್ದು ಒಂದು ಪಟ್ಟಿಯಾದರೆ, ಉಳಿದದ್ದೆಂದು ತಿಂದದ್ದು ಅದರಷ್ಟೇ ಉದ್ದದ ಇನ್ನೊಂದು ಪಟ್ಟಿ. ಮಗ ಬಿಟ್ಟೆದ್ದ ಅರ್ಧ ದೋಸೆ, ಬೆಳಗಿನ ಚಿತ್ರಾನ್ನದ ತಳ, ಯಜಮಾನರು ಹೊರಗೆ ಉಂಡು ಬಂದದ್ದರಿಂದ ಉಳಿದ ಮುದ್ದೆ, ರಾತ್ರಿ ಪಾತ್ರೆ ತೊಳೆಯಲು ಹಾಕುವ ಮುನ್ನ ಎರಡು ಹಿಡಿ ಅನ್ನ. ಸ್ಟಾಫ್ ರೂಮಿನಲ್ಲಿ ಓದಿ ಹೇಳಿದಾಗ ಕನಕಪುರದ ಕಡೆಯವರು, ಮಾಗಡಿಯಲ್ಲಿ ತೌರಿರುವವರು ಎಲ್ಲರೂ ನಕ್ಕರು. ‘ನಮ್ಮನೇಲಿ ಕೂತು ಬರೆದ ಹಾಗಿದೆ’ ಎಂದರು.

ಡಾಕ್ಟರು ಕೇಳಿದ್ದು ಲೆಕ್ಕ. ಮನೆಗೆ ಬಂದಾಗ ಅದು ಧರ್ಮದ ಪ್ರಶ್ನೆಯಾಯಿತು. ‘ಅನ್ನ ಚೆಲ್ಲಬಾರದು ಕಣವ್ವ, ಒಂದ್ ಅಗುಳು ಬೆಳೆಯೋಕೆ ಎಷ್ಟ್ ಜನದ ಬೆವರು ಬಿದ್ದಿರ್ತದೆ’ ಎನ್ನುತ್ತಾರೆ ನಮ್ಮತ್ತೆ. ಬರಗಾಲ ಕಂಡವರು, ಅವರ ಮಾತು ಸುಳ್ಳಲ್ಲ. ‘ಹಾಗಂತ ನಾನೇ ತಿನ್ಬೇಕಾ ಅತ್ತೆ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ಯಾರ್ ತಿಂತಾರೆ? ನಾನೂ ಹಂಗೇ ತಿಂದೋಳು’ ಎಂದರು. ಅದರಲ್ಲಿ ಗದರಿಕೆ ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬಂದು 15 ವರ್ಷವಾಯಿತು. ಅದರಿಂದಲೇ ಒಂದು ಕಣ್ಣಿನ ದೃಷ್ಟಿ ಹೋಗಿದೆ.

ಅನ್ನಕ್ಕೆ ಗೌರವ ಕೊಡಬೇಕೆಂಬುದನ್ನು ನಾನೂ ಬಿಡಲಾರೆ. ಆದರೆ ಬೇಡವಾದ ಅನ್ನ ತಿಪ್ಪೆಗೆ ಬಿದ್ದರೆ ಹಾಳು, ಬೇಡವೆಂದ ಹೊಟ್ಟೆಗೆ ಬಿದ್ದರೆ ಉಳಿತಾಯ ಎಂಬ ಲೆಕ್ಕ ಎಲ್ಲಿಯದು? ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಹಾಗೆ ಎಳೆದುಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ಮಿಕ್ಕ ಸಕ್ಕರೆ ರಕ್ತದಲ್ಲೇ ನಿಂತು, ನೋವನ್ನೂ ಕೊಡದೆ, ಕಣ್ಣು, ಮೂತ್ರಪಿಂಡ, ಪಾದದ ನರಗಳನ್ನು ವರ್ಷಗಟ್ಟಲೆ ಕೆಡಿಸುತ್ತ ಹೋಗುತ್ತದೆ. ಎರಡು ಹಿಡಿ ಅನ್ನ ಉಳಿಸಿ ಕಣ್ಣು ಕಳೆದುಕೊಳ್ಳುವುದು ಯಾವ ಮಿತವ್ಯಯ?

ಹೆಂಗಸು ತನ್ನ ತಟ್ಟೆಯ ಬಗ್ಗೆ ಯೋಚಿಸಿದರೆ ಸ್ವಾರ್ಥವೆನ್ನುವವರಿದ್ದಾರೆ. ನಮ್ಮ ಸೀಮೆಯ ರೇಷ್ಮೆ ಹುಳು ಸಾಕುವ ಮನೆಗಳನ್ನು ನೋಡಿ. ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡುವಾಗ, ಸೊಪ್ಪು ಹಾಕುವುದಿಲ್ಲ. ಜ್ವರದಿಂದ ಎದ್ದ ಮೇಲೆ ಅದರ ವಯಸ್ಸಿಗೆ ತಕ್ಕ ಸೊಪ್ಪು, ಹೊತ್ತಿಗೆ ಸರಿಯಾಗಿ. ಹುಳುವಿಗೆ ಸಲ್ಲುವ ಎಚ್ಚರ ಅದನ್ನು ಸಾಕುವವಳಿಗೆ ಸಲ್ಲಬಾರದೆ? ಸ್ವಾರ್ಥವೆಂದರೆ ಇನ್ನೊಬ್ಬರ ಪಾಲನ್ನು ಕಿತ್ತುಕೊಳ್ಳುವುದು. ನನ್ನ ಪಾಲಲ್ಲದ್ದನ್ನು ಬೇಡವೆನ್ನುವುದು ಹೇಗೆ ಸ್ವಾರ್ಥವಾದೀತು?

ಹಾಗೆಂದು ಉಳಿದದ್ದನ್ನು ಚೆಲ್ಲುತ್ತಿಲ್ಲ. ಅಳತೆಯನ್ನು ತಟ್ಟೆಯಿಂದ ಒಲೆಗೆ ಒಯ್ದೆವು. ರಾತ್ರಿಗೆ ಅರ್ಧ ಪಾವು ಅಕ್ಕಿ ಕಡಿಮೆ. ಆದರೂ ಉಳಿದರೆ ಬೆಳಿಗ್ಗೆ ಎಲ್ಲರಿಗೂ ಹಂಚಿಕೆ. ನನ್ನ ತಟ್ಟೆಯ ಅರ್ಧ ಬಸ್ಸಾರಿನ ಸೊಪ್ಪು, ಪಲ್ಯ, ಕಾಳು. ರಾಗಿಯಲ್ಲಿ ನಾರಿದೆ ನಿಜ, ಆದರೆ ಅದೂ ಬಹುಪಾಲು ಪಿಷ್ಟವೇ. ಸಕ್ಕರೆಯವರು ಎಷ್ಟು ಮುದ್ದೆ ಬೇಕಾದರೂ ಉಣ್ಣಬಹುದೆಂಬ ನಮ್ಮ ಕಡೆಯ ನಂಬಿಕೆ ಸರಿಯಲ್ಲ. ನನಗೀಗ ಒಂದು, ಅದೂ ಚಿಕ್ಕದು. ರಾತ್ರಿ ಊಟವಾದ ಮೇಲೆ ಪಾತ್ರೆಗಳನ್ನು ಯಜಮಾನರಿಗೂ ಮಗನಿಗೂ ಬಿಟ್ಟು ಅರ್ಧ ಗಂಟೆ ನಡೆಯುತ್ತೇನೆ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ದಿನಕ್ಕೆ ಲೆಕ್ಕ ಸರಿಹೋಗುತ್ತದೆ.

ಮೂರು ತಿಂಗಳಾದ ಮೇಲೆ 7.2 ಇದ್ದದ್ದು 6.6ಕ್ಕೆ ಇಳಿಯಿತು. ಇದನ್ನು ಗೆಲುವೆಂದು ಸಾರಲು ಮನಸ್ಸು ಒಪ್ಪುವುದಿಲ್ಲ. ವಂಶದಿಂದಲೂ ಬರುವ ಕಾಯಿಲೆ ಇದು. ನನಗಿಂತ ಹೆಚ್ಚು ಎಚ್ಚರದಿಂದಿದ್ದವರಿಗೂ ಇಳಿಯದಿರಬಹುದು, ನನಗೂ ಮುಂದೆ ಮಾತ್ರೆ ಬೇಕಾಗಬಹುದು. ಮಾತ್ರೆ ತೆಗೆದುಕೊಳ್ಳುವವರನ್ನು ಊಟ ತಿಳಿಯದವರೆಂದು ಅಳೆಯುವುದು ಅನ್ಯಾಯ. ರಾಮನಗರದಲ್ಲಿ ನೂಲು ಬಿಚ್ಚುತ್ತ ದಿನವಿಡೀ ಬಿಸಿನೀರಿನ ಮುಂದೆ ದುಡಿಯುವವಳಿಗೆ, ‘ಸಂಜೆ ನಡೆಯಮ್ಮ’ ಎಂದು ಹೇಳುವುದು ಸುಲಭ. ಅವಳು ನಡೆಯುವಾಗ ಅವಳ ಮನೆಯ ಒಲೆ ನೋಡಿಕೊಳ್ಳುವವರು ಯಾರು? ನಮ್ಮ ದೇಹವನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಅದಕ್ಕೆ ಹೊತ್ತು ಮಾಡಿಕೊಡುವುದು ನಮ್ಮ ಜೊತೆ ಉಣ್ಣುವವರ ಕರ್ತವ್ಯ.

ನಮ್ಮತ್ತೆ ಈಗ ಅಡುಗೆಮನೆಯ ಬಾಗಿಲಲ್ಲಿ ಕೂತು, ‘ಅಳ್ದು ಹಾಕವ್ವ, ಉಳೀಬಾರ್ದು’ ಎನ್ನುತ್ತಾರೆ. ಅನ್ನ ಚೆಲ್ಲಬಾರದೆಂಬ ಹಳೆಯ ಮಾತೇ ಅದು, ಅಳತೆ ಮಾತ್ರ ಪಾತ್ರೆಯ ತಳದಿಂದ ಅಕ್ಕಿಯ ಡಬ್ಬಕ್ಕೆ ಬಂದಿದೆ. ನೀವೂ ಒಂದು ವಾರ ಆ ಎರಡು ಪಟ್ಟಿಗಳನ್ನು ಬರೆದು ನೋಡಿ. ಎರಡನೆಯದನ್ನು, ಎಲ್ಲರೂ ಊಟಕ್ಕೆ ಕೂತಿರುವಾಗ ಗಟ್ಟಿಯಾಗಿ ಓದಿ.